ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಹೇಗೆ? ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕಾರ್ಮಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಸಕ್ಕರೆ ಕಾರ್ಖಾನೆ, ಉದ್ಯಮಬಾಗದ ಫೌಂಡ್ರಿ, ರಬಕವಿ-ಬನಹಟ್ಟಿಯ ಮಗ್ಗ, ಇಳಕಲ್ಲಿನ ಗ್ರಾನೈಟ್ ಕ್ವಾರಿ, ಊರೂರಿನ ಕಟ್ಟಡ ಕೆಲಸ. ನಮ್ಮ ಭಾಗದಲ್ಲಿ ದುಡಿಯುವಾಗ ಪೆಟ್ಟು ತಿನ್ನುವವರು ಹೆಚ್ಚಾಗಿ ಇಂಥ ಕಡೆಯವರೇ. ಅವರ ಪರವಾಗಿ ಕಾರ್ಮಿಕರ ಪರಿಹಾರ ಕಾಯ್ದೆ ಅನ್ನುವ ಕಾನೂನು 1923ರಿಂದಲೂ ಇದೆ. ಆದರೂ ಎಷ್ಟೋ ಜನರಿಗೆ ಹಣ ಬರುವುದಿಲ್ಲ. ಮೊದಲ ಎರಡು ಮೂರು ದಿನದಲ್ಲಿ ಆಗಬೇಕಾದ ಕಾಗದ ಆಗಿರುವುದಿಲ್ಲ, ಅದೇ ಕಾರಣ. ಕೆಳಗೆ ಈ ಮಾತು ಮತ್ತೆ ಮತ್ತೆ ಬಂದರೆ ಬೇಜಾರು ಮಾಡಿಕೊಳ್ಳಬೇಡಿ.

ಈಗಷ್ಟೇ ಪೆಟ್ಟಾಗಿದೆ. ಮೊದಲು ಏನು ಮಾಡಬೇಕು?

ಮೊದಲು ಆಸ್ಪತ್ರೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆಸ್ಪತ್ರೆಯಲ್ಲಿ ಡಾಕ್ಟರು "ಹೇಗಾಯ್ತು?" ಅಂತ ಕೇಳುತ್ತಾರಲ್ಲ, ಆ ಒಂದು ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ಮುಂದಿನದ್ದೆಲ್ಲ ನಿಂತಿರುತ್ತದೆ. ನೀವು ಹೇಳಿದ್ದನ್ನು ಅವರು ಕೇಸ್ ಶೀಟಿನ ಮೊದಲ ಪುಟದಲ್ಲೇ ಬರೆಯುತ್ತಾರೆ. "ಕಾರ್ಖಾನೆಯಲ್ಲಿ ಪ್ರೆಸ್ ಮಷಿನ್‌ಗೆ ಬಲಗೈ ಸಿಕ್ಕಿತು, ಬೆಳಗ್ಗೆ 11 ಗಂಟೆ" ಅಂತ ಬರೆದರೆ ಅದೇ ನಿಮ್ಮ ದೊಡ್ಡ ಸಾಕ್ಷಿ. "ಬೈಕಿನಿಂದ ಬಿದ್ದರು" ಅಂತ ಬರೆದರೆ, ಎರಡು ವರ್ಷ ಕೋರ್ಟಿಗೆ ಅಲೆದರೂ ಆ ಸಾಲು ನಿಮ್ಮ ಬೆನ್ನು ಬಿಡುವುದಿಲ್ಲ.

ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯ ಅನ್ನುವ ಆಸ್ಪತ್ರೆ ದಾಖಲೆ) ಮಾಡಿಸಿ ಅಂತ ಕೇಳಿ. ಆಗ ಆಸ್ಪತ್ರೆಯಿಂದಲೇ ಪೊಲೀಸರಿಗೆ ಮಾಹಿತಿ ಹೋಗುತ್ತದೆ. ಜೊತೆಗಿದ್ದವರು ಒಂದು ಕೆಲಸ ಮಾಡಿ: ಮಷಿನ್, ಜಾಗ, ಗಾಯ, ಮೂರರ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಮಾರನೆಯ ದಿನ ಆ ಮಷಿನ್‌ಗೆ ಹೊಸ ಗಾರ್ಡ್ (ಕೈ ಸಿಗದಂತೆ ತಡೆಯುವ ಕವಚ) ಬಂದಿರುತ್ತದೆ. ಇದು ಸುಮ್ನೆ ಹೇಳುವ ಮಾತಲ್ಲ.

ಆಮೇಲೆ ಮಾಲಕರಿಗೆ ಬರಹದಲ್ಲಿ ತಿಳಿಸಿ. ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಸಾಕು: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಏನು ಮಾಡುವಾಗ, ಯಾರು ನೋಡಿದರು. ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲೂ ಕಳಿಸಿ, ಡಿಲೀಟ್ ಮಾಡಬೇಡಿ. ನೋಟಿಸ್ ಕೊಡಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ. ಮಾಲಕರಿಗೆ ಬೇರೆ ದಾರಿಯಿಂದ ಅಪಘಾತದ ವಿಷಯ ಗೊತ್ತಿತ್ತು ಅಂತಾದರೂ ಸಾಕು. ಆದರೆ ಕೊಟ್ಟಿದ್ದರೆ ಆ ವಾದವೇ ಬೇಕಾಗುವುದಿಲ್ಲ.

"ಬೈಕಿನಿಂದ ಬಿದ್ದೆ ಅಂತ ಹೇಳು, ಆಸ್ಪತ್ರೆ ಖರ್ಚೆಲ್ಲ ನಮ್ಮದು" ಅಂತಾರೆ. ಒಪ್ಪಬಹುದಾ?

ಬೇಡ. ಹೀಗೆ ಹೇಳುವ ಮಾಲಕರೆಲ್ಲ ಕೆಟ್ಟವರೇನಲ್ಲ. ಕೆಲವರಿಗೆ ಇನ್ಸ್‌ಪೆಕ್ಟರ್ ಭಯ, ಕೆಲವರಿಗೆ ಪೊಲೀಸ್ ಭಯ. ಆಸ್ಪತ್ರೆ ಬಿಲ್ ಅವರು ನಿಜವಾಗಿಯೂ ಕಟ್ಟಬಹುದು. ಆದರೆ ಕೆಲಸದಲ್ಲಿ ಆದ ಗಾಯದ ಚಿಕಿತ್ಸೆಗೆ ತಗುಲಿದ ಖರ್ಚು ಕೊಡುವುದು ಹೇಗೂ ಅವರ ಜವಾಬ್ದಾರಿ. 2009ರ ತಿದ್ದುಪಡಿಯಿಂದ ಅದು ಕಾನೂನಿನಲ್ಲೇ ಇದೆ. ಅದೂ ಅಲ್ಲದೆ ಚಿಕಿತ್ಸೆಗೆ ಕೊಟ್ಟ ಹಣವನ್ನು ಪರಿಹಾರದಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ಅಂದರೆ ನಿಮಗೆ ಬರಬೇಕಾದ ಒಂದನ್ನು ಕೊಟ್ಟು, ಬರಬೇಕಾದ ಇನ್ನೊಂದನ್ನು ಬಿಡಿಸಿಕೊಳ್ಳುವ ವ್ಯವಹಾರ ಇದು.

ಈಗಾಗಲೇ ಹಾಗೆ ಬರೆಸಿ ಆಗಿದ್ದರೆ ತಡ ಮಾಡದೆ ನಿಜ ಸಂಗತಿಯನ್ನು ಬರಹದಲ್ಲಿ ಪೊಲೀಸ್ ಠಾಣೆಗೂ ಕಾರ್ಮಿಕ ಇಲಾಖೆಗೂ ಕೊಡಿ. ಕೇಸು ಕಷ್ಟವಾಗುತ್ತದೆ, ಮುಗಿದೇ ಹೋಗುವುದಿಲ್ಲ. ಜೊತೆಗೆ ಕೆಲಸ ಮಾಡಿದವರ ಹೇಳಿಕೆ ಆಗ ತುಂಬ ಬೇಕಾಗುತ್ತದೆ.

ನನ್ನದು ಇಎಸ್‌ಐ ದಾರಿಯೋ, ಪರಿಹಾರ ಕಾಯ್ದೆ ದಾರಿಯೋ?

ಎರಡರಲ್ಲಿ ಒಂದೇ. ಇಎಸ್‌ಐ ಅಂದರೆ ಚಂದಾ ಕಟ್ಟಿ ನಡೆಯುವ ಕಾರ್ಮಿಕರ ರಾಜ್ಯ ವಿಮೆ, ಪರಿಹಾರ ಕಾಯ್ದೆ ಅಂದರೆ ಮಾಲಕರೇ ಹಣ ಕೊಡಬೇಕಾದ ದಾರಿ. ಇಎಸ್‌ಐ ಇದ್ದವರು ಮಾಲಕರ ಮೇಲೆ ಪರಿಹಾರದ ಅರ್ಜಿ ಹಾಕುವ ಹಾಗಿಲ್ಲ.

10 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಾರ್ಖಾನೆ, ತಿಂಗಳಿಗೆ 21,000 ರೂಪಾಯಿವರೆಗಿನ ಪಗಾರ ಅಂದರೆ ಸಾಮಾನ್ಯವಾಗಿ ಇಎಸ್‌ಐ. ನಿಮ್ಮ ಪಗಾರದಲ್ಲಿ ಶೇ. 0.75 ಕಡಿತವಾಗುತ್ತದೆ, ಮಾಲಕರು ಶೇ. 3.25 ಕಟ್ಟುತ್ತಾರೆ. ಉದ್ಯಮಬಾಗ, ಮಚ್ಛೆ ಕಡೆಯ ಹೆಚ್ಚಿನ ಫೌಂಡ್ರಿ ಮತ್ತು ಮಷಿನ್ ಶಾಪ್‌ನವರದು ಈ ದಾರಿ. ಬೆಳಗಾವಿಯ ಅಶೋಕನಗರದಲ್ಲಿ ಇಎಸ್‌ಐ ಆಸ್ಪತ್ರೆ ಇದೆ. ಕೆಲಸದ ಗಾಯವಾದರೆ ರಜೆಯ ದಿನಗಳಿಗೆ ಸುಮಾರು ಶೇ. 90ರಷ್ಟು ಪಗಾರ ಬರುತ್ತದೆ. ಶಾಶ್ವತ ನಷ್ಟವಾದರೆ ಬದುಕಿರುವವರೆಗೆ ತಿಂಗಳ ಹಣ. ಇದಕ್ಕೆ ಇಷ್ಟು ದಿನ ಚಂದಾ ಕಟ್ಟಿರಬೇಕು ಅನ್ನುವ ಷರತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಆಗುತ್ತದೆ. ಮಾಲಕರು ಹೆಸರು ನೋಂದಾಯಿಸದೇ ಇದ್ದರೆ ಅದು ಅವರ ತಪ್ಪು, ನಿಮ್ಮ ಹಕ್ಕು ಹೋಗುವುದಿಲ್ಲ. ಕಾರ್ಖಾನೆಯಿಂದ ಫಾರಂ 12ರಲ್ಲಿ ಅಪಘಾತದ ವರದಿ ಹೋಗಿದೆಯಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ.

ನಮ್ಮ ಭಾಗದವರು ಎಡವುವ ಜಾಗ ಒಂದಿದೆ. ಹಂಗಾಮಿನಲ್ಲಿ ಮಾತ್ರ ನಡೆಯುವ ಕಾರ್ಖಾನೆಗಳಿಗೆ ಇಎಸ್‌ಐ ಅನ್ವಯಿಸುವುದಿಲ್ಲ. ಸಕ್ಕರೆ ಮತ್ತು ಬೆಲ್ಲ ತಯಾರಿಕೆಯನ್ನು ಕಾನೂನು ಅದೇ ಪಟ್ಟಿಯಲ್ಲಿ ಹೆಸರು ಹಿಡಿದು ಹೇಳಿದೆ. ಹಾಗಾಗಿ ಕಬ್ಬು ನುರಿಸುವ ಹಂಗಾಮಿಗೆ ಮಾತ್ರ ಬರುವವರು, ಕಬ್ಬು ಕಡಿಯುವವರು, ಆಲೆಮನೆಯವರು, ನಾಲ್ಕು ಮಗ್ಗದ ಚಿಕ್ಕ ಶೆಡ್ಡಿನವರು, ಕಟ್ಟಡದವರು ಹೆಚ್ಚಾಗಿ ಪರಿಹಾರ ಕಾಯ್ದೆಯ ದಾರಿ ಹಿಡಿಯಬೇಕಾಗುತ್ತದೆ. ಪಗಾರ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯಾ ಇಲ್ಲವಾ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹೊಸ ಕಾರ್ಮಿಕ ಸಂಹಿತೆ ಬಂದಿದೆ, ಹಳೆಯದೆಲ್ಲ ಹೋಯ್ತು ಅಂತಾರಲ್ಲ?

2025ರ ನವೆಂಬರ್ 21ರಿಂದ ನಾಲ್ಕು ಸಂಹಿತೆಗಳು ಜಾರಿಗೆ ಬಂದಿವೆ. ಪರಿಹಾರ ಮತ್ತು ಇಎಸ್‌ಐ ಎರಡೂ ಈಗ ಸಾಮಾಜಿಕ ಭದ್ರತಾ ಸಂಹಿತೆಯ ಒಳಗಿವೆ. ಕಾರ್ಖಾನೆಯ ಸುರಕ್ಷತೆ ಇನ್ನೊಂದು ಸಂಹಿತೆಯಲ್ಲಿದೆ. ಆದರೆ ಪರಿಹಾರದ ಲೆಕ್ಕ ಹಾಕುವ ರೀತಿ, ವಯಸ್ಸಿನ ಗುಣಕ, ಬಡ್ಡಿ, ದಂಡ ಇವೆಲ್ಲ ಹಳೆಯ ಕಾಯ್ದೆಯಿಂದ ಹೆಚ್ಚುಕಡಿಮೆ ಹಾಗೆಯೇ ಬಂದಿವೆ. ಆ ದಿನಕ್ಕಿಂತ ಮೊದಲು ಆದ ಅಪಘಾತಕ್ಕೆ ಹಳೆಯ ಕಾಯ್ದೆಯೇ. "ಕಾಯ್ದೆ ರದ್ದಾಗಿದೆ, ನಿನಗೇನೂ ಬರಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸುಲಭಕ್ಕೆ ಇಲ್ಲಿ ಎಲ್ಲವನ್ನೂ "ಪರಿಹಾರ ಕಾಯ್ದೆ" ಅಂತಲೇ ಕರೆದಿದ್ದೇವೆ.

ಎಷ್ಟು ಹಣ ಬರುತ್ತದೆ?

ಲೆಕ್ಕಕ್ಕೆ ಮೂರು ಅಂಕಿ ಬೇಕು: ತಿಂಗಳ ಪಗಾರ, ವಯಸ್ಸು, ನಷ್ಟದ ಶೇಕಡಾ.

ಪಗಾರ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು ಗರಿಷ್ಠ 15,000 ರೂಪಾಯಿ. 2020ರ ಜನವರಿಗಿಂತ ಮುಂಚೆ ಈ ಮಿತಿ ಬರೀ 8,000 ಇತ್ತು. 25,000 ಪಗಾರ ತೆಗೆದುಕೊಳ್ಳುವ ಫಿಟ್ಟರ್‌ನ ಕೈ ಹೋದರೂ 15,000ವನ್ನೇ ಹಿಡಿಯುತ್ತಾರೆ. ಇದು ಸರಿಯಲ್ಲ ಅಂತ ನಮಗೂ ಅನಿಸುತ್ತದೆ, ಆದರೆ ಸದ್ಯಕ್ಕೆ ಇರುವುದು ಇಷ್ಟೇ.

ವಯಸ್ಸಿಗೆ ಒಂದೊಂದು ಗುಣಕ ಇದೆ. 20 ವರ್ಷಕ್ಕೆ 224.00, 30ಕ್ಕೆ 207.98, 40ಕ್ಕೆ 184.17, 50ಕ್ಕೆ 153.09. ವಯಸ್ಸು ಏರಿದಂತೆ ಇಳಿಯುತ್ತದೆ.

ಸಾವಾದರೆ ಪಗಾರದ ಶೇ. 50, ಗುಣಕದಿಂದ ಗುಣಿಸಬೇಕು. ಪೂರ್ತಿ ಶಾಶ್ವತವಾಗಿ ದುಡಿಯಲು ಆಗದಂತಾದರೆ ಪಗಾರದ ಶೇ. 60, ಅದೇ ಗುಣಕ. ಭಾಗಶಃ ನಷ್ಟವಾದರೆ ಆ ಶೇ. 60ರ ಲೆಕ್ಕದಲ್ಲಿ ಬಂದ ಮೊತ್ತದ ಇಂತಿಷ್ಟು ಶೇಕಡಾ.

ಒಂದು ಲೆಕ್ಕ ಹಾಕಿ ನೋಡೋಣ. 30 ವರ್ಷದ ಪ್ರೆಸ್ ಆಪರೇಟರ್, ಪಗಾರ 12,000. ತೋರುಬೆರಳು ಪೂರ್ತಿ ಹೋಗಿದೆ. 12,000ದ ಶೇ. 60 ಅಂದರೆ 7,200. ಅದನ್ನು 207.98ರಿಂದ ಗುಣಿಸಿದರೆ 14,97,456. ತೋರುಬೆರಳಿಗೆ ಕಾಯ್ದೆಯ ಪಟ್ಟಿಯಲ್ಲಿ ಶೇ. 14. ಹಾಗಾಗಿ 2,09,644 ರೂಪಾಯಿ. ಕ್ಯಾಬಿನ್‌ನಲ್ಲಿ ಕೂರಿಸಿ 20,000 ಕೈಗೆ ಕೊಟ್ಟು "ಇಷ್ಟೇ ಬರೋದು" ಅಂದರೆ ಈ ಲೆಕ್ಕವನ್ನು ನೆನಪಿಸಿಕೊಳ್ಳಿ. ಇದೇ ಆಪರೇಟರ್ ಪಗಾರ 15,000 ಇದ್ದು ಹೆಬ್ಬೆರಳು ಹೋಗಿದ್ದರೆ? ಹೆಬ್ಬೆರಳಿಗೆ ಶೇ. 30. ಆಗ 5,61,546.

ಇನ್ನು ಕೆಲವು: ಒಂದೇ ಕೈಯ ನಾಲ್ಕು ಬೆರಳು ಹೋದರೆ ಶೇ. 50, ಮೂರು ಹೋದರೆ 30, ಎರಡು ಹೋದರೆ 20. ಮಧ್ಯದ ಬೆರಳಿಗೆ 12, ಉಂಗುರದ ಬೆರಳು ಅಥವಾ ಕಿರುಬೆರಳಿಗೆ 7. ಒಂದು ಕಣ್ಣು ತೆಗೆಯಬೇಕಾಗಿ ಬಂದು ಇನ್ನೊಂದು ಸರಿ ಇದ್ದರೆ 40, ಕಣ್ಣು ಇದ್ದೂ ದೃಷ್ಟಿ ಹೋದರೆ 30. ಮಗ್ಗದ ಲಾಳಿ ಹಾರಿ ಕಣ್ಣಿಗೆ ಬಡಿದವರು ಈ ಕೊನೆಯದನ್ನು ನೋಡಿಕೊಳ್ಳಿ.

ಪಟ್ಟಿಯಲ್ಲಿ ಇರುವಷ್ಟೇ ಕೊಡುತ್ತಾರಾ? ನನ್ನ ಕೆಲಸಕ್ಕೆ ಆ ಕೈಯೇ ಬೇಕು.

ಒಳ್ಳೆಯ ಪ್ರಶ್ನೆ. ಇದನ್ನು ಕೇಳುವವರು ಕಡಿಮೆ. ಕಾಯ್ದೆ ನೋಡುವುದು ದೇಹ ಎಷ್ಟು ಹೋಯ್ತು ಅನ್ನುವುದನ್ನಷ್ಟೇ ಅಲ್ಲ, ದುಡಿಯುವ ಶಕ್ತಿ ಎಷ್ಟು ಹೋಯ್ತು ಅನ್ನುವುದನ್ನು. ಒಬ್ಬ ಬಡಗಿ ಕೆಲಸ ಮಾಡುವಾಗ ಬಿದ್ದು ಎಡಗೈಯನ್ನು ಮೊಣಕೈ ಮೇಲೆ ಕತ್ತರಿಸಬೇಕಾಯಿತು. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಹಾಗಾಗಿ ಇದು ಶೇ. 100 ನಷ್ಟ ಅಂತ ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿತು. ಪರಿಹಾರ ಕೊಡಬೇಕಾದ ದಿನ ಅಂದರೆ ಅಪಘಾತವಾದ ದಿನವೇ ಅಂತಲೂ ಅದೇ ತೀರ್ಪಿನಲ್ಲಿದೆ.

ಮೂಳೆ ಮುರಿತ, ಬೆನ್ನುಹುರಿ ಪೆಟ್ಟು, ಸುಟ್ಟ ಗಾಯ, ನರ ಸೆಳೆತ ಇವು ಪಟ್ಟಿಯಲ್ಲಿ ಇಲ್ಲದೇ ಇರಬಹುದು. ಆಗ ಡಾಕ್ಟರು ಶೇಕಡಾವಾರು ನಷ್ಟ ಎಷ್ಟು ಅಂತ ಸರ್ಟಿಫಿಕೇಟ್ ಕೊಡಬೇಕು. ಆ ಡಾಕ್ಟರು ಸಾಮಾನ್ಯವಾಗಿ ಕೋರ್ಟಿಗೂ ಬಂದು ಸಾಕ್ಷಿ ಹೇಳಬೇಕಾಗುತ್ತದೆ. ಬರೀ ಅಂಗವಿಕಲ ಕಾರ್ಡ್ ಸಾಲದು. "ಈತ ಮೊದಲು ಮಾಡುತ್ತಿದ್ದ ಕೆಲಸ ಇನ್ನು ಮಾಡಲು ಆಗದು" ಅನ್ನುವ ಮಾತು ಸರ್ಟಿಫಿಕೇಟಿನಲ್ಲಿ ಇರುವಂತೆ ನೋಡಿಕೊಳ್ಳಿ.

ಎರಡು ತಿಂಗಳು ಪ್ಲಾಸ್ಟರ್‌ನಲ್ಲಿದ್ದೆ, ಈಗ ಕೈ ಸರಿಯಾಗಿದೆ. ಏನಾದರೂ ಬರುತ್ತದಾ?

ಬರುತ್ತದೆ. 15 ದಿನಕ್ಕೊಮ್ಮೆ ತಿಂಗಳ ಪಗಾರದ ಶೇ. 25. ಪಗಾರ 12,000 ಇದ್ದರೆ 3,000, ಅಂದರೆ ತಿಂಗಳಿಗೆ 6,000. ಗರಿಷ್ಠ 5 ವರ್ಷ. ಮೂರು ದಿನಕ್ಕಿಂತ ಜಾಸ್ತಿ ಕೆಲಸ ತಪ್ಪಿರಬೇಕು. 28 ದಿನದೊಳಗೆ ವಾಸಿಯಾದರೆ ಮೊದಲ ಮೂರು ದಿನದ್ದು ಬರುವುದಿಲ್ಲ.

ಪಗಾರ ಚೀಟಿ ಇಲ್ಲ, ಹಾಜರಿ ಪುಸ್ತಕದಲ್ಲಿ ಹೆಸರೂ ಇಲ್ಲ. ದಿನಗೂಲಿ. ಆಗುತ್ತದಾ?

ಆಗುತ್ತದೆ. ದಿನಗೂಲಿಯವರನ್ನು ಹೊರಗಿಡುತ್ತಿದ್ದ ಮಾತನ್ನು 2000ದ ತಿದ್ದುಪಡಿಯಲ್ಲೇ ಕಾಯ್ದೆಯಿಂದ ತೆಗೆದುಹಾಕಿದ್ದಾರೆ. ಪ್ರಶ್ನೆ ಇರುವುದು ಸಾಕ್ಷಿಯದ್ದು. ಫೋನ್‌ಪೇಯಲ್ಲಿ ಬಂದ ಕೂಲಿ, ಬ್ಯಾಂಕ್ ಪಾಸ್‌ಬುಕ್, ಗೇಟ್ ಪಾಸ್, ಸೂಪರ್‌ವೈಸರ್ "ನಾಳೆ ಬೇಗ ಬಾ" ಅಂತ ಕಳಿಸಿದ ಮೆಸೇಜ್, ಕೆಲಸದ ಜಾಗದಲ್ಲಿ ತೆಗೆದ ಸೆಲ್ಫಿ, ಕೂಲಿ ಬರೆದುಕೊಳ್ಳುವ ಕಿಸೆಪುಸ್ತಕ, ಎಲ್ಲವೂ ಸಾಕ್ಷಿಯೇ. ಜೊತೆಗಾರರು ಸಾಕ್ಷಿ ಹೇಳಲು ಹಿಂಜರಿಯುತ್ತಾರೆ. ಅವರ ಹೊಟ್ಟೆಪಾಡೂ ಅದೇ ಕಾರ್ಖಾನೆಯಲ್ಲಿ, ಅಲ್ವಾ? ಅದಕ್ಕೇ ಕಾಗದದ ಸಾಕ್ಷಿ ಎಷ್ಟಿದ್ದರೂ ಕಡಿಮೆ. ಪಗಾರ ಎಷ್ಟು ಅಂತ ತೋರಿಸಲು ಏನೂ ಸಿಗದಿದ್ದರೆ ಆ ಕೆಲಸಕ್ಕೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿಯನ್ನು ಆಧಾರವಾಗಿ ಕೇಳಬಹುದು.

ನನ್ನನ್ನು ಕರೆತಂದದ್ದು ಗುತ್ತಿಗೆದಾರ. ಅವನು ಫೋನ್ ಎತ್ತುತ್ತಿಲ್ಲ. ಕಾರ್ಖಾನೆಯವರು "ಅವನು ನಮ್ಮ ಆಳಲ್ಲ" ಅಂತಾರೆ.

ಕಾನೂನು ಅವರ ಈ ಮಾತನ್ನು ಒಪ್ಪುವುದಿಲ್ಲ. ಕಾರ್ಖಾನೆ ತನ್ನ ವ್ಯವಹಾರಕ್ಕೆ ಸೇರಿದ ಕೆಲಸವನ್ನು ಗುತ್ತಿಗೆ ಕೊಟ್ಟಿದ್ದರೆ, ಗುತ್ತಿಗೆ ಆಳಿಗೆ ಪೆಟ್ಟಾದಾಗ ಪರಿಹಾರ ಕೊಡಬೇಕಾದ್ದು ಕಾರ್ಖಾನೆಯೇ. ಕೊಟ್ಟ ಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳುವುದು ಅವರಿಬ್ಬರ ನಡುವಿನ ಲೆಕ್ಕ. ನೀವು ಅರ್ಜಿಯಲ್ಲಿ ಇಬ್ಬರನ್ನೂ ಸೇರಿಸಿ.

ಒಂದು ಷರತ್ತು ಇದೆ: ಅಪಘಾತ ಆ ಕಾರ್ಖಾನೆಯ ಆವರಣದಲ್ಲಿ ಅಥವಾ ಅವರ ಹಿಡಿತದಲ್ಲಿರುವ ಜಾಗದಲ್ಲಿ ಆಗಿರಬೇಕು. ಕಬ್ಬು ಕಡಿಯುವ ಗ್ಯಾಂಗಿನವರಿಗೆ ಇಲ್ಲೇ ತೊಡಕು. ಮುಂಗಡ ಕೊಟ್ಟವನು ಮುಕ್ಕದ್ದಮ (ಗ್ಯಾಂಗಿನ ಮುಖಂಡ), ಕಡಿಯುವುದು ಯಾರದೋ ರೈತರ ಹೊಲದಲ್ಲಿ, ಕಬ್ಬು ಹೋಗುವುದು ಕಾರ್ಖಾನೆಗೆ. ಹೊಲದಲ್ಲಿ ಪೆಟ್ಟಾದರೆ ಮೂವರೂ ಕೈ ತೊಳೆದುಕೊಳ್ಳಲು ನೋಡುತ್ತಾರೆ. ಕಾರ್ಖಾನೆ ಮುಕ್ಕದ್ದಮನ ಜೊತೆ ಮಾಡಿಕೊಂಡ ಕರಾರಿನ ಪ್ರತಿ ಸಿಕ್ಕರೆ ಅರ್ಧ ಕೆಲಸ ಆದಂತೆ. ಟ್ರ್ಯಾಕ್ಟರ್ ಟ್ರೇಲರ್ ಉರುಳಿ ಆದದ್ದಾದರೆ ಕೊಂಚ ಸುಲಭ, ವಾಹನದ ವಿಮೆ ಇರುತ್ತದೆ. ಆಗ ಮೋಟಾರು ಅಪಘಾತದ ನ್ಯಾಯಮಂಡಳಿಗೋ ಪರಿಹಾರ ಕಾಯ್ದೆಗೋ ಒಂದನ್ನು ಆರಿಸಿಕೊಳ್ಳಬೇಕು, ಎರಡೂ ಕಡೆ ಹೋಗುವ ಹಾಗಿಲ್ಲ. ಯಾವುದು ಲಾಭ ಅನ್ನುವುದನ್ನು ಅರ್ಜಿ ಹಾಕುವ ಮೊದಲೇ ವಕೀಲರ ಹತ್ತಿರ ಲೆಕ್ಕ ಹಾಕಿಸಿ.

ಹೊಲದ ಕೂಲಿಯವರಿಗೂ ಇದು ಸಿಗುತ್ತದಾ?

ಟ್ರ್ಯಾಕ್ಟರ್, ರಾಶಿ ಮಷಿನ್, ವಿದ್ಯುತ್ ಮೋಟಾರು ಇಂಥ ಯಂತ್ರದಿಂದ ನಡೆಯುವ ಬೇಸಾಯ ಕೆಲಸ ಕಾಯ್ದೆಯ ಪಟ್ಟಿಯಲ್ಲಿದೆ. ತೊಗರಿ ರಾಶಿ ಮಾಡುವಾಗ ಮಷಿನ್‌ಗೆ ಕೈ ಸಿಕ್ಕವರು, ಸೆರಗು ಸಿಕ್ಕವರು ಕೇಳಬಹುದು. ಮಷಿನ್ ಮಾಲಕರು ಹೆಚ್ಚಾಗಿ ನಿಮ್ಮೂರಿನವರೇ ಆಗಿರುತ್ತಾರೆ. ಸಂಬಂಧ ಕೆಡುತ್ತದೆ ಅಂತ ಜನ ಸುಮ್ಮನಾಗುತ್ತಾರೆ. ಮಷಿನ್ ಅಥವಾ ಟ್ರ್ಯಾಕ್ಟರ್‌ಗೆ ವಿಮೆ ಇದೆಯಾ ಅಂತ ಮೊದಲು ಕೇಳಿ. ಇದ್ದರೆ ಇಬ್ಬರಿಗೂ ನಿರಾಳ.

ತಪ್ಪು ನನ್ನದೇ. ಗ್ಲೌಸ್ ಹಾಕಿರಲಿಲ್ಲ, ಅವಸರದಲ್ಲಿ ಕೈ ಹಾಕಿದೆ.

ಅಜಾಗರೂಕತೆಗೆ ಪರಿಹಾರ ತಪ್ಪುವುದಿಲ್ಲ. ಈ ಕಾಯ್ದೆಯಲ್ಲಿ ಮಾಲಕರ ತಪ್ಪು ಇದೆ ಅಂತ ಸಾಬೀತು ಮಾಡಬೇಕಾಗಿಯೂ ಇಲ್ಲ. ಕೆಲಸದ ಕಾರಣದಿಂದ, ಕೆಲಸದ ಹೊತ್ತಿನಲ್ಲಿ ಆಯ್ತಾ ಅನ್ನುವುದಷ್ಟೇ ಪ್ರಶ್ನೆ.

ತಪ್ಪುವುದು ಮೂರು ಕಡೆ: ಕುಡಿದಿದ್ದರಿಂದ ಅಥವಾ ನಶೆಯಿಂದ ಆದ ಅಪಘಾತ, ಸುರಕ್ಷತೆಗೆ ಅಂತ ಸ್ಪಷ್ಟವಾಗಿ ಹೇಳಿದ ನಿಯಮವನ್ನು ಬೇಕಂತಲೇ ಮೀರಿದ್ದು, ಸುರಕ್ಷತೆಗೆ ಅಂತ ಗೊತ್ತಿದ್ದೂ ಗಾರ್ಡನ್ನು ಬೇಕಂತಲೇ ತೆಗೆದದ್ದು. ಇಲ್ಲೂ ಸಾವು ಅಥವಾ ಪೂರ್ತಿ ಶಾಶ್ವತ ನಷ್ಟವಾಗಿದ್ದರೆ ಈ ನೆಪ ನಡೆಯುವುದಿಲ್ಲ. ಉತ್ಪಾದನೆ ಜಾಸ್ತಿ ಬರಲಿ ಅಂತ ಸೂಪರ್‌ವೈಸರೇ ಗಾರ್ಡ್ ತೆಗೆಸಿರುವ ಪ್ರೆಸ್‌ಗಳು ಎಷ್ಟಿಲ್ಲ! ಹಾಗಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಿ.

ಡ್ಯೂಟಿಗೆ ಹೋಗುವಾಗ ದಾರಿಯಲ್ಲಿ ಅಪಘಾತವಾಯಿತು. ಇದೂ ಕೆಲಸದ ಗಾಯವಾ?

ಆಗಬಹುದು. ಇಎಸ್‌ಐ ಕಾಯ್ದೆಯಲ್ಲಿ 2010ರಿಂದಲೇ ಈ ಮಾತಿದೆ, ಹೊಸ ಸಂಹಿತೆಯಲ್ಲೂ ಇದೆ. ಹಳೆಯ ಪರಿಹಾರ ಕಾಯ್ದೆಗೂ ಇದೇ ಅರ್ಥ ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿತು. ಆ ಕೇಸು ನಮ್ಮ ಪಕ್ಕದ ಮಹಾರಾಷ್ಟ್ರದ್ದು. ಸಕ್ಕರೆ ಕಾರ್ಖಾನೆಯ ವಾಚ್‌ಮನ್, ನಸುಕಿನ 3 ಗಂಟೆಯ ಡ್ಯೂಟಿಗೆ ಬೈಕಿನಲ್ಲಿ ಹೊರಟಿದ್ದವರು, ಕಾರ್ಖಾನೆ ಇನ್ನು ಸುಮಾರು 5 ಕಿಲೋಮೀಟರ್ ಇರುವಾಗ ಸತ್ತರು. 2003ರ ಘಟನೆ. ಮನೆಯವರಿಗೆ ಕೊನೆಯ ತೀರ್ಪು ಸಿಗಲು 22 ವರ್ಷ ಹಿಡಿಯಿತು. ಹೊತ್ತು, ಜಾಗ, ದಾರಿ ಮೂರೂ ಕೆಲಸಕ್ಕೆ ಹೊಂದಿಕೆಯಾಗಬೇಕು. ನಡುವೆ ಸಂತೆಗೆ ಹೋಗಿ, ಬೀಗರ ಮನೆಗೆ ಹೋಗಿ ಅಲ್ಲಿಂದ ಹೊರಟಿದ್ದರೆ ಕಷ್ಟ.

ಕೆಲಸ ಮಾಡುವಾಗ ಹೃದಯಾಘಾತವಾದರೆ?

ಕೆಲಸದ ಒತ್ತಡದಿಂದ ಅಥವಾ ಶ್ರಮದಿಂದಲೇ ಆಯಿತು ಅಂತ ತೋರಿಸಬೇಕು. ಕಾರ್ಖಾನೆಯಲ್ಲಿ ಆಯ್ತು ಅನ್ನುವುದೊಂದೇ ಸಾಲದು. ಸತತ ಎರಡು ಪಾಳಿ ದುಡಿದ ದಾಖಲೆ ಇದ್ದರೆ ಬಲ ಬರುತ್ತದೆ.

ರಾಜಿ ಪತ್ರಕ್ಕೆ ಸಹಿ ಮಾಡಿಬಿಟ್ಟಿದ್ದೇನೆ. "ಮುಂದೆ ಏನೂ ಕೇಳುವುದಿಲ್ಲ" ಅಂತ ಬಾಂಡ್ ಪೇಪರಿನಲ್ಲಿದೆ.

ಹಕ್ಕು ಬಿಟ್ಟುಕೊಡುತ್ತೇನೆ ಅಂತ ಬರೆಸಿಕೊಂಡ ಕರಾರಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ, ಅದು ನೂರು ರೂಪಾಯಿ ಬಾಂಡಾದರೂ ಸರಿ, ಊರಿನ ಹಿರಿಯರು ಸಾಕ್ಷಿ ಹಾಕಿದ್ದರೂ ಸರಿ. ರಾಜಿ ಆಗಬೇಕಾದರೆ ಪರಿಹಾರ ಆಯುಕ್ತರ (ಈ ಕೇಸುಗಳನ್ನು ನಡೆಸುವ ನ್ಯಾಯಾಧೀಶರ) ಮುಂದೆ ದಾಖಲಾಗಬೇಕು. ಮೊತ್ತ ತೀರಾ ಕಡಿಮೆ ಅನಿಸಿದರೆ ದಾಖಲು ಮಾಡಲು ಅವರು ಒಪ್ಪದೇ ಇರಬಹುದು. ಸಹಿ ಮಾಡಿದ್ದೇನೆ, ಮುಗಿಯಿತು ಅಂತ ಮನೆಯಲ್ಲಿ ಕೂರಬೇಡಿ. ಬಂದ ಹಣ ಎಷ್ಟು ಅನ್ನುವುದನ್ನು ಮಾತ್ರ ಮುಚ್ಚಿಡದೆ ಹೇಳಿ.

ಮನೆಯವರು ಕೆಲಸದಲ್ಲೇ ಸತ್ತರು. ನಾವು ಏನು ಮಾಡಬೇಕು?

ಪಂಚನಾಮೆ, ಪೋಸ್ಟ್‌ಮಾರ್ಟಂ ವರದಿ, ಎಫ್‌ಐಆರ್ ಈ ಮೂರರ ಪ್ರತಿ ಪಡೆದುಕೊಳ್ಳಿ. ದುಃಖದಲ್ಲಿ "ಪೋಸ್ಟ್‌ಮಾರ್ಟಂ ಬೇಡ" ಅನ್ನುವವರಿದ್ದಾರೆ. ದಯವಿಟ್ಟು ಹಾಗನ್ನಬೇಡಿ.

ಸಾವಿನ ಪರಿಹಾರವನ್ನು ಮಾಲಕರು ನೇರವಾಗಿ ನಿಮ್ಮ ಕೈಗೆ ಕೊಡುವ ಹಾಗಿಲ್ಲ, ಆಯುಕ್ತರ ಬಳಿ ಠೇವಣಿ ಇಡಬೇಕು. ಮುಂಗಡವಾಗಿ ಕೊಡಬಹುದಾದ್ದು ಮೂರು ತಿಂಗಳ ಪಗಾರದಷ್ಟು ಮಾತ್ರ. ಅಂದರೆ ಅಂತ್ಯಕ್ರಿಯೆಯ ಹೊತ್ತಿನಲ್ಲಿ ಕೈಗಿಟ್ಟ ಎರಡು ಲಕ್ಷ "ಪೂರ್ತಿ ಪರಿಹಾರ" ಆಗುವುದಿಲ್ಲ. 40 ವರ್ಷದವರು, ಪಗಾರ 15,000 ಇದ್ದರೆ ಲೆಕ್ಕ ಬರುವುದು 13,81,275. ಹೆಂಡತಿ, ಚಿಕ್ಕ ಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು, ವಿಧವೆ ತಾಯಿ ಇವರಿಗೆ ಹಂಚುವುದು ಆಯುಕ್ತರ ಕೆಲಸ. ಮಕ್ಕಳ ಪಾಲನ್ನು ಬ್ಯಾಂಕಿನಲ್ಲಿ ಇಡಿಸುತ್ತಾರೆ. ಮನೆಯಲ್ಲಿ ಮೈದುನ, ಭಾವ ಅಂತ ಹಣಕ್ಕೆ ಬಾಯಿ ಹಾಕುವವರು ಇದ್ದಾಗ ಈ ಪದ್ಧತಿ ಹೆಣ್ಣುಮಕ್ಕಳಿಗೆ ದೊಡ್ಡ ರಕ್ಷಣೆ.

2023ರ ಡಿಸೆಂಬರಿನಲ್ಲಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ರಾಶಿ ಕುಸಿದು ಬಿಹಾರದ 7 ಕಾರ್ಮಿಕರು ಸತ್ತರು. ಇಂಥ ದೊಡ್ಡ ದುರಂತದಲ್ಲಿ ಸರ್ಕಾರವೂ ಮಾಲಕರೂ ಪರಿಹಾರ ಘೋಷಿಸುತ್ತಾರೆ, ಮಂತ್ರಿಗಳೂ ಬರುತ್ತಾರೆ. ಒಬ್ಬರೇ ಸತ್ತಾಗ ಯಾರೂ ಬರುವುದಿಲ್ಲ, ಆಗ ಈ ಕಾಯ್ದೆಯೊಂದೇ ದಿಕ್ಕು. ಸರ್ಕಾರ ಘೋಷಿಸಿದ ನೆರವು ಕಾಯ್ದೆಯ ಪರಿಹಾರಕ್ಕೆ ಬದಲಿ ಅಲ್ಲ ಅನ್ನುವುದೂ ನೆನಪಿರಲಿ.

ಅರ್ಜಿ ಎಲ್ಲಿ ಹಾಕಬೇಕು? ಎಷ್ಟು ದಿನದೊಳಗೆ?

ಅಪಘಾತವಾದ ದಿನದಿಂದ 2 ವರ್ಷದೊಳಗೆ. ತಕ್ಕ ಕಾರಣವಿದ್ದರೆ ತಡವಾದದ್ದನ್ನು ಮನ್ನಿಸಬಹುದು, ಆದರೆ ಅದನ್ನು ನಂಬಿಕೊಂಡು ಕೂರಬೇಡಿ.

ಕರ್ನಾಟಕದಲ್ಲಿ ಪರಿಹಾರ ಆಯುಕ್ತರ ಕೆಲಸ ಹಿರಿಯ ಸಿವಿಲ್ ನ್ಯಾಯಾಧೀಶರ ಬಳಿ ಇದೆ. ಹಾಗಾಗಿ ಗೋಕಾಕ, ಚಿಕ್ಕೋಡಿ, ಜಮಖಂಡಿ ಕಡೆಯವರು ಜಿಲ್ಲಾ ಕೇಂದ್ರಕ್ಕೇ ಓಡಬೇಕಿಲ್ಲ, ಹತ್ತಿರದ ಕೋರ್ಟಿನಲ್ಲಿ ವಿಚಾರಿಸಿ. ತುಂಬ ಜನರಿಗೆ ಗೊತ್ತಿಲ್ಲದ ವಿಷಯ: ಅಪಘಾತ ಎಲ್ಲಿ ಆಗಿದ್ದರೂ ನೀವು ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ಗೋವಾ, ಪುಣೆ, ಮಂಗಳೂರಿಗೆ ದುಡಿಯಲು ಹೋದವರಿಗೆ ಇದು ದೊಡ್ಡ ಅನುಕೂಲ. ಪಣಜಿಯಲ್ಲಿ ಕಟ್ಟಡದಿಂದ ಬಿದ್ದ ಮಗನ ಕೇಸನ್ನು ತಾಯಿ ಇಂಡಿಯಲ್ಲೇ ನಡೆಸಬಹುದು.

ತೀರ್ಪು ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಮಾಲಕರು ಮೇಲ್ಮನವಿ ಹಾಕಬೇಕಾದರೆ ಮೊದಲು ಪೂರ್ತಿ ಹಣ ಠೇವಣಿ ಇಡಬೇಕು.

ವಕೀಲರಿಗೆ ಕೊಡಲು ಹಣ ಇಲ್ಲ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಕೋರ್ಟ್ ಆವರಣದಲ್ಲೇ ಇರುತ್ತದೆ. ಕಾರ್ಖಾನೆ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214.

ಆಸ್ಪತ್ರೆಯ ವಾರ್ಡಿಗೇ ಬಂದು "ಬಂದದ್ದರಲ್ಲಿ ಇಷ್ಟು ಪಾಲು ಕೊಡಿ, ಎಲ್ಲಾ ನಾವು ನೋಡಿಕೊಳ್ಳುತ್ತೇವೆ" ಅನ್ನುವವರಿದ್ದಾರೆ. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ಖಾಲಿ ಹಾಳೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ.

ಕ್ವಾರಿಯಲ್ಲಿ ವರ್ಷಗಟ್ಟಲೆ ದುಡಿದೆ. ಈಗ ಮೆಟ್ಟಿಲು ಹತ್ತಿದರೆ ಏದುಸಿರು. ಇದು ಅಪಘಾತ ಅಲ್ಲವಲ್ಲ?

ಅಪಘಾತ ಅಲ್ಲದಿದ್ದರೂ ಕೆಲಸದಿಂದ ಬಂದ ಕಾಯಿಲೆಗೆ ಪರಿಹಾರ ಇದೆ. ಕಾಯ್ದೆಯ ಪಟ್ಟಿಯಲ್ಲಿ ಕಲ್ಲಿನ ದೂಳಿನ ಸಿಲಿಕೋಸಿಸ್ ಇದೆ, ಹತ್ತಿಯ ದೂಳಿನ ಬಿಸಿನೋಸಿಸ್ ಇದೆ, ಕಬ್ಬಿನ ಸಿಪ್ಪೆಯ ದೂಳಿನ ಬಗ್ಯಾಸೋಸಿಸ್ ಕೂಡ ಇದೆ. ಇಳಕಲ್ಲಿನ ಕ್ವಾರಿ, ಕ್ರಷರ್, ಜಿನ್ನಿಂಗ್ ಮಿಲ್, ಸಕ್ಕರೆ ಕಾರ್ಖಾನೆಯ ಬಗ್ಯಾಸ್ ಯಾರ್ಡ್ ನಮ್ಮಲ್ಲೇ ಇವೆ.

ತೊಂದರೆ ಏನಂದರೆ ಸಿಲಿಕೋಸಿಸ್‌ನ ಎಕ್ಸ್‌ರೇ ಕ್ಷಯದ ಎಕ್ಸ್‌ರೇಯಂತೆ ಕಾಣಬಹುದು. ಕ್ಷಯದ ಮಾತ್ರೆ ನುಂಗುತ್ತಾ ತಿಂಗಳುಗಳು ಕಳೆಯುತ್ತವೆ. ಡಾಕ್ಟರಿಗೆ ಮೊದಲೇ ಹೇಳಿ: ಎಷ್ಟು ವರ್ಷ, ಯಾವ ಕೆಲಸ, ಒಣ ಡ್ರಿಲ್ಲಿಂಗಾ ನೀರು ಹಾಕಿಯಾ. ನೀರು ಹಾಕಿ ಡ್ರಿಲ್ ಮಾಡಿದರೆ ದೂಳು ತುಂಬಾ ಕಡಿಮೆ ಏಳುತ್ತದೆ. ಬಾಯಿಗೆ ಟವೆಲ್ ಕಟ್ಟಿಕೊಂಡರೆ ಸಣ್ಣ ದೂಳು ನಿಲ್ಲುವುದಿಲ್ಲ. ಹಲವು ಕ್ವಾರಿಗಳಲ್ಲಿ ದುಡಿದಿದ್ದರೆ ಪ್ರತಿಯೊಬ್ಬ ಮಾಲಕರ ಹತ್ತಿರ ಎಷ್ಟೆಷ್ಟು ದಿನ ಇದ್ದಿರಿ ಅಂತ ನೆನಪು ಮಾಡಿ ಬರೆದಿಡಿ. ಹೊಣೆಯನ್ನು ಅವರ ನಡುವೆ ಹಂಚಲು ಬರುತ್ತದೆ.

ಕಾಕಂಬಿ ಟ್ಯಾಂಕಿಗೆ ಇಳಿಯಲು ಹೇಳುತ್ತಾರೆ. ಇಳಿಯಲ್ಲ ಅನ್ನಬಹುದಾ?

ಅನ್ನಬಹುದು, ಅನ್ನಲೇಬೇಕು. ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಹುಳಿತು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ, ವಾಸನೆಯೂ ಇಲ್ಲ. ತ್ಯಾಜ್ಯದ ಟ್ಯಾಂಕಿನಲ್ಲಾದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್. ಅದು ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಮೊದಲು ಇಳಿದವರು ಕುಸಿಯುತ್ತಾರೆ. ಅವರನ್ನು ಎತ್ತಲು ಎರಡನೆಯವರು ಇಳಿಯುತ್ತಾರೆ, ಅವರ ಹಿಂದೆ ಮೂರನೆಯವರು. ಟ್ಯಾಂಕಿನ ಸಾವುಗಳಲ್ಲಿ ಎತ್ತಲು ಹೋದವರೇ ಎಷ್ಟೋ ಜನ ಇರುತ್ತಾರೆ. ಇಳಿಯುವ ಮೊದಲು ಗ್ಯಾಸ್ ಮೀಟರಿನಿಂದ ಅಳೆಯಬೇಕು, ಗಾಳಿ ಊದಬೇಕು, ಬರಹದ ಪರ್ಮಿಟ್ ಇರಬೇಕು, ಸೊಂಟಕ್ಕೆ ಬೆಲ್ಟ್ ಹಗ್ಗ ಇದ್ದು ಮೇಲೆ ಹಿಡಿಯುವವರು ಇರಬೇಕು. ದೀಪ ಇಳಿಸಿ ನೋಡುವ ಹಳೆಯ ಪದ್ಧತಿ ನಂಬಬೇಡಿ.

ಫೌಂಡ್ರಿಯವರಿಗೆ ಒಂದು ಮಾತು. ಮಳೆಯಲ್ಲಿ ನೆನೆದ ಸ್ಕ್ರಾಪ್ ಅನ್ನು ಹಾಗೇ ಫರ್ನೇಸಿಗೆ ಹಾಕಬೇಡಿ. ಕರಗಿದ ಕಬ್ಬಿಣದ ಒಳಗೆ ಹೋದ ನೀರು ಒಮ್ಮೆಲೇ ಹಬೆಯಾಗಿ ಲೋಹವನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಸಾಗಿಸುವ ಕೇನ್ ಕ್ಯಾರಿಯರ್ ಸಿಕ್ಕಿಕೊಂಡಾಗ ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು, ಸ್ವಿಚ್‌ಗೆ ಬೀಗ ಹಾಕಿ ಬೀಗದ ಕೈ ಒಳಗೆ ಇಳಿಯುವವರ ಕಿಸೆಯಲ್ಲೇ ಇರಬೇಕು.

ಇಂಥ ಸುರಕ್ಷತೆ ಇಲ್ಲದಿದ್ದರೆ ದೂರು ಕೊಡುವುದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ. ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಳ್ಳಿ.

ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದರೆ?

ಕಲ್ಯಾಣ ಮಂಡಳಿಯಿಂದ ಬರುವ ಅಪಘಾತ ನೆರವು ಬೇರೆ, ಮಾಲಕರು ಕೊಡಬೇಕಾದ ಪರಿಹಾರ ಬೇರೆ. 18ರಿಂದ 60 ವರ್ಷದವರು, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಾಯಿಸಿಕೊಳ್ಳಬಹುದು. ಕಾರ್ಡಿನ ಅವಧಿ ಮುಗಿದಿದ್ದರೆ ಈಗಲೇ ನವೀಕರಿಸಿ.

ಕೇಸು ಹಾಕಿದರೆ ಕೆಲಸದಿಂದ ತೆಗೆಯುತ್ತಾರೆ ಅನ್ನುವ ಭಯ.

ಇಎಸ್‌ಐನಿಂದ ಗಾಯದ ರಜೆಯ ಹಣ ಪಡೆಯುತ್ತಿರುವಾಗ ತೆಗೆಯುವ ಹಾಗಿಲ್ಲ. ಉಳಿದವರಿಗೆ ಆ ಭಯ ಸುಳ್ಳಲ್ಲ ಅಂತ ಒಪ್ಪಿಕೊಳ್ಳಲೇಬೇಕು. ಯೂನಿಯನ್ ಇರುವ ಕಡೆ ಅವರ ಮೂಲಕ ಹೋಗಿ. ಇಲ್ಲದ ಕಡೆ, ಮಾಲಕರಿಗೆ ವಿಮಾ ಪಾಲಿಸಿ ಇದೆಯಾ ಅಂತ ಮೊದಲು ಕೇಳಿ. ನಮ್ಮ ಕಡೆ ಇನ್ನೂ ಅದನ್ನು ಹಳೆಯ ಇಂಗ್ಲಿಷ್ ಹೆಸರಿನಿಂದ (ವರ್ಕ್‌ಮೆನ್ಸ್ ಕಾಂಪೆನ್ಸೇಷನ್) "ಡಬ್ಲ್ಯೂಸಿ ಪಾಲಿಸಿ" ಅಂತಲೇ ಕರೆಯುತ್ತಾರೆ. ಇದ್ದರೆ ಹಣ ಕೊಡುವುದು ವಿಮಾ ಕಂಪನಿ, ಮಾಲಕರ ಕಿಸೆಯಿಂದ ಹೋಗುವುದು ಕಡಿಮೆ. ಎಷ್ಟೋ ಜಗಳ ಈ ಒಂದು ಪ್ರಶ್ನೆಯಲ್ಲೇ ತಣ್ಣಗಾಗುತ್ತದೆ.

ಆದೇಶ ಆಗಿದೆ, ಆದರೂ ಹಣ ಕೊಡುತ್ತಿಲ್ಲ.

ಪರಿಹಾರ ಕೊಡಬೇಕಾದ ದಿನದಿಂದ, ಅಂದರೆ ಅಪಘಾತವಾದ ದಿನದಿಂದ, ಒಂದು ತಿಂಗಳಲ್ಲಿ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ. ಸರಿಯಾದ ಕಾರಣ ಇಲ್ಲದೆ ತಡ ಮಾಡಿದರೆ ಪರಿಹಾರದ ಅರ್ಧದವರೆಗೆ ದಂಡ ಬೇರೆ. ಆ ದಂಡ ಸಾಮಾನ್ಯವಾಗಿ ಮಾಲಕರ ಮೇಲೇ ಬೀಳುತ್ತದೆ, ವಿಮಾ ಕಂಪನಿಯ ಮೇಲಲ್ಲ. ಅರ್ಜಿಯಲ್ಲೇ ಬಡ್ಡಿ ಮತ್ತು ದಂಡ ಎರಡನ್ನೂ ಕೇಳಿರಬೇಕು. ಕೇಳದಿದ್ದರೆ ಬಿಟ್ಟುಹೋಗುವುದುಂಟು. ಅಷ್ಟಕ್ಕೂ ಬರದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಿ ಅಂತ ಆಯುಕ್ತರಿಗೆ ಅರ್ಜಿ ಕೊಡಿ. ಅರ್ಜಿಯ ಜೊತೆ ಮಾಲಕರ ಹೆಸರಿನಲ್ಲಿರುವ ಜಮೀನಿನ ಪಹಣಿ ಲಗತ್ತಿಸಿದರೆ ತಹಶೀಲ್ದಾರ್ ಕಚೇರಿಯಲ್ಲಿ ಕಡತ ಬೇಗ ಚಲಿಸುತ್ತದೆ.